ಪುತಳಿ ಹೂತಿಟ್ಟ ಜಾಗ

ಕುಣಿಮಗ್ಗದಲ್ಲಿ ಕೂತು ನೇಯುವವರನ್ನು ಹೊಸ್ತಿಲಲ್ಲಿ ನಿಂತು ನೋಡಿದರೆ ಸೊಂಟದವರೆಗೆ ನೆಲದಲ್ಲಿ ಹೂತವರ ಹಾಗೆ ಕಾಣುತ್ತಾರೆ. ಕಾಲು ಎರಡೂ ಕುಣಿಯೊಳಗೆ, ತುಳಿಯುವ ಹಲಗೆಗಳ ಮೇಲೆ. ನೆಲದ ಮೇಲೆ ಬರೀ ಮೈ, ಕೈ, ಲಾಳಿ. ಮದುವೆಯಾಗಿ ಗುಡೂರಿನಿಂದ ಇಳಕಲ್ಲಿಗೆ ಬಂದ ಹೊಸದರಲ್ಲಿ ನಿಮ್ಮ ಮುತ್ಯಾನನ್ನು, ನನ್ನ ಗಂಡನನ್ನು, ಹಾಗೆ ನೋಡಿ ನನಗೆ ಹೆದರಿಕೆಯಾಗಿತ್ತು. ನನ್ನ ತವರು ಒಕ್ಕಲುತನದ ಮನೆ, ನಾನು ಮಗ್ಗ ನೋಡಿದವಳಲ್ಲ. ಸ್ವಲ್ಪ ದಿನಕ್ಕೆ ರೂಢಿಯಾಯಿತು. ಆಮೇಲೆ ಅವರು ಎದ್ದು ನಿಂತಾಗಲೇ ಬೇರೆ ಯಾರೋ ಅನಿಸುತ್ತಿತ್ತು.

ನಾನು ಬರೆಯುವವಳಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾತಾಡುವುದೂ ನನಗೆ ಕಷ್ಟ, ನಾಲ್ಕು ಜನ ಇದ್ದಲ್ಲಿ ಬಾಯಿ ಒಣಗುತ್ತದೆ. ಮೊಮ್ಮಕ್ಕಳಲ್ಲಿ ದೊಡ್ಡವಳು, ನನ್ನ ಮಗಳ ಮಗಳು, ಬಾಗಲಕೋಟೆಯಲ್ಲಿ ಕಾಲೇಜು ಓದುವವಳು, ಹೋದ ನಾಗರಪಂಚಮಿಯ ಹೊತ್ತಿಗೆ ನನಗೊಂದು ಪ್ರಶ್ನೆ ಕೇಳಿದಳು. ಹಿಂದಿನ ಕಾಲದ ರೋಮಿನ ಜನ ತಮ್ಮ ನಾಣ್ಯಗಳನ್ನು ಗಡಿಗೆಗೆ ಹಾಕಿ ಯಾಕೆ ಹೂಳುತ್ತಿದ್ದರು ಎಂದು. ಅವಳಿಗೆ ನಾನು ಆಗ ಬಾಯಿಂದ ಉತ್ತರ ಕೊಡಲಿಲ್ಲ. ಉಳಿದ ನೀವೆಲ್ಲ ಆ ದಿನಗಳಲ್ಲಿ ಜೋಕಾಲಿಯ ಮೇಲೆ ಇದ್ದಿರಿ, ಮನೆಯೊಳಗೆ ಏನು ನಡೆಯಿತು ನಿಮಗೆ ತಿಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದೊಂದು ಪುತಳಿ ಸರ ಇದೆ. ಚಿನ್ನದ ತೆಳು ಬಿಲ್ಲೆಗಳು, ನಾಣ್ಯದ ಹಾಗೆ ಗುಂಡಗೆ, ಒಂದೊಂದರ ಮೇಲೂ ನಿಂತ ಗೊಂಬೆಯ ಅಚ್ಚು, ನೆತ್ತಿಗೊಂದು ಕೊಂಡಿ. ಎಲ್ಲವನ್ನೂ ದಾರದಲ್ಲಿ ಪೋಣಿಸಿದ್ದಾರೆ. ನಮ್ಮ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು, ನನಗೆ ಅತ್ತೆಯಿಂದ ಬಂತು. ಅದು ನನ್ನ ಕೊರಳಲ್ಲಿ ಇದ್ದದ್ದಕ್ಕಿಂತ ನೆಲದಲ್ಲಿ ಇದ್ದದ್ದೇ ಹೆಚ್ಚು. ಬೇರೆ ಊರಿನ ಮದುವೆಗೆ ಹೋಗುವುದಿದ್ದರೆ, ಓಣಿಯಲ್ಲಿ ಯಾರ ಮನೆಯಲ್ಲಾದರೂ ಕಳ್ಳತನವಾಗಿದ್ದರೆ, ನಿಮ್ಮ ಮುತ್ಯಾ ಕುಣಿಗೆ ಇಳಿದು, ತುಳಿಯುವ ಹಲಗೆ ಸರಿಸಿ, ಅಡಿಯ ಮಣ್ಣು ತೋಡಿ, ತಗಡಿನ ಡಬ್ಬಿಯಲ್ಲಿ ಸರ ಇಟ್ಟು ಮುಚ್ಚುತ್ತಿದ್ದರು. ನೀರು ಚಿಮುಕಿಸಿ ಅಂಗಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಹೆಂಗಸರು ಕುಣಿಗೆ ಇಳಿಯುವಂತಿರಲಿಲ್ಲ. ಇಳಕಲ್ಲಿನಲ್ಲಿ ಎಷ್ಟೋ ಹೆಂಗಸರು ನೇಯುತ್ತಾರೆ, ಇದು ಎಲ್ಲರ ಪದ್ಧತಿಯಲ್ಲ, ನಮ್ಮ ಮಾವನವರು ಮಾಡಿಟ್ಟದ್ದು. ಹೀಗಾಗಿ ಇಡುವವರೂ ನಿಮ್ಮ ಮುತ್ಯಾ, ತೆಗೆಯುವವರೂ ಅವರೇ. ನನ್ನ ಜಾಗ ಕಿಟಕಿಯ ಬದಿ, ರಾಟೆಯ ಮುಂದೆ. ಅಲ್ಲಿ ಕೂತು ನಾನು ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ಬಲಗೈಯಿಂದ ರಾಟೆ ತಿರುಗಿಸುವುದು, ಎಡಗೈಯಲ್ಲಿ ನೂಲು ಹಿಡಿಯುವುದು. ಮದುವೆಯಾದಾಗಿನಿಂದ ಅದೇ ಕೆಲಸ.

ಮಗಳಿಗೆ ಈ ಹೂಳುವುದು ಸೇರುತ್ತಿರಲಿಲ್ಲ. ಹುನಗುಂದಕ್ಕೆ ಕೊಟ್ಟ ಮೇಲೆ ಒಮ್ಮೆ ಬಂದಾಗ ಅವಳು ಅಪ್ಪನಿಗೆ ಹೇಳಿದಳು.

"ಅಪ್ಪಾ, ಬ್ಯಾಂಕಿನ್ಯಾಗ ಲಾಕರ್ ತಗೋ. ಇದೇನ್ ಇಲಿ ಇಟ್ಕೊಂಡಂಗ ನೆಲದಾಗ ಇಟ್ಕೊಂತಿ?"

"ಲಾಕರಿಗೆ ಕೀಲಿ ಎಷ್ಟು?"

"ಎರಡು. ಒಂದು ನಿನ್ನ ಕಡೆ, ಒಂದು ಅವರ ಕಡೆ."

"ಹಂಗಾರ ಅರ್ಧಾ ಪುತಳಿ ಅವರ್ದಾತು."

ಮಗ ಅಲ್ಲೇ ಊಟಕ್ಕೆ ಕೂತಿದ್ದ. "ನೆಲಕ್ಕ ಒಂದ ಕೀಲಿನೂ ಇಲ್ಲಲ್ಲಪಾ," ಎಂದ.

"ಐತಲ್ಲ," ಎಂದರು. "ನಾ ಅದೀನಲ್ಲ."

ಎಲ್ಲರೂ ನಕ್ಕರು. ನೋಟು ರದ್ದಾದ ವರ್ಷ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತು ಬಂದು, ಕುಣಿಯ ಕಡೆ ಕೈ ತೋರಿಸಿ, "ಕಾಗದ ಸತ್ತಿತು, ಅದು ಸಾಯಲಿಲ್ಲ ನೋಡು," ಎಂದಿದ್ದರು. ಕೊರೋನಾ ಬಂದಾಗ ಒಮ್ಮೆ ಹೂತವರು ಆಮೇಲೆ ನನಗೆ ತೆಗೆದುಕೊಡಲೇ ಇಲ್ಲ. ನಾನೂ ಕೇಳಲಿಲ್ಲ. ಹಾಕಿಕೊಂಡು ಎಲ್ಲಿಗೆ ಹೋಗಬೇಕಾಗಿತ್ತು?

ಅವತ್ತು ಮಧ್ಯಾಹ್ನ ಲಾಳಿಯ ಸದ್ದು ನಿಂತಿತು. ನೂಲು ಹರಿದಿರಬೇಕು, ಗಂಟು ಹಾಕುತ್ತಿರಬೇಕು ಅಂದುಕೊಂಡು ನಾನು ರಾಟೆ ತಿರುಗಿಸುತ್ತಲೇ ಇದ್ದೆ. ಹೊರಳಿ ನೋಡಿದಾಗ ಅವರು ನೇಯ್ದ ಸೀರೆಯ ಮೇಲೆ ಹಣೆ ಇಟ್ಟಿದ್ದರು. ಓಣಿಯವರು ಬಂದು ಕುಣಿಯಿಂದ ಎಳೆದು ತೆಗೆದರು. ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಲಕ್ವಾ ಎಂದರು. ಬಲಗಡೆಯ ಮೈ ಹೋಗಿತ್ತು, ಮಾತು ಹೋಗಿತ್ತು. ಕಣ್ಣು ಇತ್ತು, ಎಡಗೈ ಇತ್ತು.

ಆ ಎಡಗೈಯನ್ನು ಅವರು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಸಣ್ಣಗೆ, ಗುಂಡಗೆ, ಒಂದೇ ಸಮ.

"ಹೊಳ್ಳಿಸಿ ಮಲಗಸ್ರಿ ಅಂತಾರ್ರಿ ಅಜ್ಜಾರು," ಎಂದಳು ನರ್ಸು. ನಾವು ಅವರನ್ನು ಮಗ್ಗುಲಿಗೆ ಹೊರಳಿಸಿದೆವು. ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ತಿರುಗಿತು. ಮತ್ತೆ ಹೊರಳಿಸಿದೆವು. ಮಗಳು ಕಿವಿಯ ಹತ್ತಿರ ಬಾಗಿ, "ಅಪ್ಪಾ, ಪುತಳಿ ಎಲ್ಲಿ ಅದಾವು? ಕುಣ್ಯಾಗನ ಅದಾವಿಲ್ಲೋ?" ಎಂದು ಕೇಳಿದಳು. ಅವಳನ್ನು ನೋಡಿದರು. ಕೈ ತಿರುಗಿಸಿದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಾರೋ, ಹೊಳ್ಳಿಸೋಣು," ಎಂದು ತಮ್ಮನನ್ನು ಕರೆದಳು. ಹೀಗೆ ಅವರು ಹೋಗುವವರೆಗೂ ನಾವು ಅವರನ್ನು ಹೊರಳಿಸುತ್ತಲೇ ಇದ್ದೆವು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ವಿಭೂತಿ ಹಚ್ಚಿ, ಪತ್ರಿ ಇಟ್ಟು, ತೋಡಿದ ಕುಣಿಯೊಳಗೆ ಗೂಡು ಮಾಡಿ ಅದರಲ್ಲಿ ಕೂರಿಸಿದರು. ಹಾಗೆ ಕೂತವರನ್ನು ನಾನು ದಿನಾ ನೋಡುತ್ತ ಬಂದವಳು, ಹೊಸದೇನೂ ಕಾಣಲಿಲ್ಲ. ಉಪ್ಪು ಸುರಿಯುವಾಗ ಚೀಲದ ಬಾಯಿಗೆ ಹಾಕಿದ ಗಂಟು ಬಿಚ್ಚಲು ಬರದೆ ಯಾರೋ ಹಲ್ಲಿನಿಂದ ಕಚ್ಚಿ ಹರಿದರು. ಆ ದಿನದ್ದು ಅದೊಂದು ಸರಿಯಾಗಿ ನೆನಪಿದೆ. ಅಳು ಬರಲಿಲ್ಲ. "ಅತ್ತು ಬಿಡವಾ, ಹಗುರ ಆಕ್ಕೈತಿ," ಎಂದು ಹೆಂಗಸರು ಬೆನ್ನು ತಟ್ಟಿದರು. ನಾನು ಪ್ರಯತ್ನ ಮಾಡಿದೆ, ಆಗಲಿಲ್ಲ.

ಮಾತಾಡಿಸಲು ಬರುವವರು ಬರುತ್ತಿದ್ದರು. ನಾನು ಒಂದು ಕಡೆ ಕೂತಿರಬೇಕು, ಅವರು ಬಂದು ಮುಂದೆ ಕೂಡಬೇಕು. ಎಲ್ಲಿ ಕೂಡುತ್ತಿ ಎಂದು ಮಗ ಕೇಳಿದ. ರಾಟೆಯ ಜಾಗದಲ್ಲೇ ಕೂತೆ. ಬೇರೆ ಕಡೆ ಕೂತರೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಜನ ಬರುವುದು ನಿಂತ ಮೇಲೆ ಕಂಡಿಕೆ ಸುತ್ತತೊಡಗಿದೆ. ಮಗ್ಗದಲ್ಲಿ ಅರ್ಧಕ್ಕೆ ನಿಂತಿದ್ದ ಸೀರೆಯನ್ನು ಓಣಿಯ ಇನ್ನೊಬ್ಬ ನೇಕಾರರು ಬಂದು ಮುಗಿಸಿಕೊಟ್ಟರು, ಅದಕ್ಕೆ ಒಂದಿಷ್ಟು ಕಂಡಿಕೆ ಬೇಕಾದವು. ಆಮೇಲೆ ಯಾರಿಗೂ ಬೇಕಾಗಲಿಲ್ಲ. ನಾನು ಸುತ್ತುತ್ತಲೇ ಇದ್ದೆ. ಬುಟ್ಟಿ ತುಂಬಿತು. ಸೊಸೆ ಇನ್ನೊಂದು ಬುಟ್ಟಿ ತಂದಿಟ್ಟಳು.

ನನ್ನ ಮಗ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸ ಮಾಡುತ್ತಾನೆ, ನಿಮಗೆ ಗೊತ್ತಿದೆ. ಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಪಡಸಾಲೆಗೆಲ್ಲ ಕೆಂಪು ಗ್ರಾನೈಟ್ ಹಾಸುವುದು ಅವನ ಬಹಳ ದಿನದ ಆಸೆ. ಅಂಚು ಮುರಿದ ಕಲ್ಲುಗಳನ್ನು ಒಂದೊಂದಾಗಿ ತಂದು ಅಂಗಳದ ಗೋಡೆಗೆ ಆನಿಸಿಟ್ಟಿದ್ದ. ಕುಣಿ ಮುಚ್ಚುವುದಕ್ಕೆ ಮೊದಲು ಪುತಳಿ ತೆಗೆಯಬೇಕಲ್ಲ. ಒಂದು ರಜೆಯ ದಿನ ಇಳಿದು ಅಗೆದ. ಡಬ್ಬಿ ಇರುತ್ತಿದ್ದ ಜಾಗದಲ್ಲಿ ಬರೀ ಮಣ್ಣು. ಬದಿಗೆ ಅಗೆದ, ಆಳಕ್ಕೆ ಅಗೆದ. ಮಧ್ಯಾಹ್ನದ ಹೊತ್ತಿಗೆ ಅವನ ತಲೆ ನೆಲದ ಮಟ್ಟಕ್ಕೆ ಬಂದಿತ್ತು. ಪುತಳಿ ಇರಲಿಲ್ಲ.

ಅಕ್ಕನಿಗೆ ಫೋನು ಮಾಡಿದ. ಮರುದಿನ ಬಸ್ಸು ಹಿಡಿದು ಅವಳು ಬಂದಳು. ಕುಣಿಯ ಅಂಚಿನಲ್ಲಿ ನಿಂತು ಮಣ್ಣಿನ ಗುಡ್ಡೆ ನೋಡಿದಳು.

"ನಾ ಇಲ್ದಾಗ ಯಾಕ ಅಗದಿ?"

"ರಜಾ ಇತ್ತು, ಅಗದೆ. ನಿನ್ನ ಕೇಳಿ ಮುಹೂರ್ತ ತಗೀಬೇಕಿತ್ತೇನು?"

"ಕೇಳಬೇಕಿತ್ತು. ಅಂವ ನಿನಗೊಬ್ಬಗ ಅಪ್ಪ ಅಲ್ಲ."

"ಅಂದ್ರ? ನಾ ತಗೊಂಡು ಮುಚ್ಚೇನಿ ಅಂತಿ?"

"ನಾ ಅಂದಿಲ್ಲ. ನೀನ ಅಂದಿ."

"ನೀನೂ ಸುಮ್ನ ಕುಂತಾಕಿ ಅಲ್ಲ ಬಿಡ ಅಕ್ಕಾ. ಅವ್ವ ನಿನಗ ಯಾವಾಗರ ಕೊಟ್ಟಿರಬೇಕು. ಹೆಣ್ಮಕ್ಕಳು ಹೆಣ್ಮಕ್ಕಳು ಒಳಗಿಂದೊಳಗ ಮಾಡಿದ್ರ ನಮಗೇನ್ ತಿಳೀತೈತಿ?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ರಾಟೆಯ ಮುಂದೆ ಕೂತಿದ್ದೆ. "ನನಗ ಗೊತ್ತಿಲ್ಲ," ಎಂದೆ. ನಿಜವೇ ಹೇಳಿದ್ದು. ಆದರೆ ಅಳದ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ? ಮಗಳು ಚಹ ಕುಡಿಯದೆ ಹೊರಟಳು. ಬಟ್ಟಲು ಕಟ್ಟೆಯ ಮೇಲೆ ಆರಿ ಹಾಗೇ ಇತ್ತು.

ಅವಳು ಮತ್ತೆ ಬರಲಿಲ್ಲ. ಇಳಕಲ್ಲಿನಿಂದ ಹುನಗುಂದ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಮಾತು ಮುಗಿಸುವುದರೊಳಗೆ ಬರುತ್ತದೆ. ಆ ವರ್ಷದ ನಾಗರಪಂಚಮಿಗೆ ಸಾವಾದ ಮನೆ ಎಂದು ನಾವು ಹಬ್ಬ ಮಾಡಲಿಲ್ಲ, ಅವಳು ಬಾರದ್ದನ್ನು ಯಾರೂ ಕೇಳಲಿಲ್ಲ. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮುಂದಿನ ಪಂಚಮಿಗೂ ಬಾರದಿದ್ದರೆ ಆ ದಾರಿ ಮುಚ್ಚಿತು ಎಂದೇ ಲೆಕ್ಕ. ಮಗ ಕುಣಿಯನ್ನು ಮುಚ್ಚಿದ್ದ, ಆದರೆ ಕಲ್ಲು ಹಾಸಲಿಲ್ಲ. "ಹಾಸಿದ್ರ ಅಕ್ಕ ಏನಂತಾಳ? ಅದರ ಮ್ಯಾಲ ಕಲ್ಲ ಎಳದ ಅಂತಾಳ," ಎಂದ. ಅಂಗಳದ ಕಲ್ಲುಗಳ ಮೇಲೆ ಧೂಳು ಕೂತಿತು, ಮಳೆಗೆ ತೊಳೆಯಿತು, ಮತ್ತೆ ಕೂತಿತು. ನನಗೆ ಚಿನ್ನ ಬೇಕಿರಲಿಲ್ಲ. ನನ್ನ ಎರಡು ಮಕ್ಕಳು ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯದೆ ಹೋಗುತ್ತಾರೆ ಎಂಬುದು ತಿಳಿಯುತ್ತಿತ್ತು. ತಿಳಿಯುತ್ತಿತ್ತು ಅಷ್ಟೇ, ನೋವಾಗುತ್ತಿರಲಿಲ್ಲ. ಸೂಜಿ ಚುಚ್ಚಿ ಹಲ್ಲು ಕೀಳುವಾಗ ಎಳೆದದ್ದು ತಿಳಿಯುತ್ತದಲ್ಲ, ಹಾಗೆ.

ಎರಡನೆಯ ಪಂಚಮಿ ಇನ್ನೂ ಒಂದು ವಾರ ಇದ್ದಾಗ ದೊಡ್ಡ ಮೊಮ್ಮಗಳು ಬಾಗಲಕೋಟೆಯಿಂದ ನೇರ ನನ್ನ ಹತ್ತಿರ ಬಂದಳು. ಅವ್ವನಿಗೆ ಹೇಳಿ ಬಂದಿರಲಿಲ್ಲ. ಕಾಲೇಜಿನವರು ಅವರನ್ನು ಬಾದಾಮಿಗೆ ಕರೆದೊಯ್ದಿದ್ದರಂತೆ. ಗುಹೆ ನೋಡಿ, ಹೊಂಡದ ಮೆಟ್ಟಿಲ ಮೇಲೆ ಕೂತು ಬುತ್ತಿ ಉಣ್ಣುವಾಗ ಇತಿಹಾಸದ ಮಾಸ್ತರರು ಹಳೆಯ ನಾಣ್ಯಗಳ ಮಾತು ತೆಗೆದರಂತೆ. ಇವಳಿಗೆ ಅದರ ಮೇಲೆ ಕ್ಲಾಸಿನಲ್ಲಿ ಮಾತಾಡಬೇಕಾಗಿತ್ತು. ರಾಟೆಯ ಆ ಬದಿಗೆ ನನ್ನ ಎದುರು ಕೂತು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಚಿನ್ನದ ನಾಣ್ಯ, ಅದರ ಮೇಲೊಂದು ಮುಖ, ನೆತ್ತಿಯ ಹತ್ತಿರ ತೂತು.

"ನಿನ್ನ ಪುತಳಿ ಇದ್ದಂಗ ಇಲ್ಲ ಆಯಿ? ಇದು ರೋಮಿಂದು. ಹಡಗಿನ್ಯಾಗ ಬರತಿದ್ರಂತ, ಮೆಣಸು, ಅರಿವಿ ಒಯ್ಯಾಕ. ಬಂಗಾರ ಕೊಟ್ಟು ಹೋಗತಿದ್ರು. ನಮ್ಮ ಮಂದಿ ತೂತ ಹೊಡದು ಕೊಳ್ಳಾಗ ಹಾಕ್ಕೊಂಡಾರ."

"ತೂತ ಹೊಡದ್ರ ತೂಕ ಕಡಿಮಿ ಆಕ್ಕೈತಿ," ಎಂದೆ. ನಮ್ಮದಕ್ಕೆ ಕೊಂಡಿ ಬೆಸೆದಿದ್ದಾರೆ.

ಅವಳು ನಕ್ಕಳು. ಆಮೇಲೆ ಹೇಳಿದಳು, ಅವರ ದೇಶದಲ್ಲೂ ನಮ್ಮ ಕಡೆಗೂ ಹೊಲ ಉಳುವಾಗ, ಮನೆಯ ಪಾಯ ತೋಡುವಾಗ ಗಡಿಗೆ ಗಡಿಗೆ ನಾಣ್ಯ ಸಿಗುತ್ತವಂತೆ. ಯಾಕೆ ಹೂತರು ಎಂದು ಓದಿದವರು ಇನ್ನೂ ಮಾತಾಡುತ್ತಲೇ ಇದ್ದಾರಂತೆ. ದಂಡು ಬರುತ್ತದೆಂದು ಹೆದರಿ ಹೂತವರು ಕೆಲವರು. ಬ್ಯಾಂಕು ಇಲ್ಲದ ಕಾಲ, ನೆಲವೇ ತಿಜೋರಿ ಎಂದು ಇಟ್ಟವರು ಕೆಲವರು. ಹೊಸ ರಾಜ ಬಂದು ಬೆಳ್ಳಿ ಕಡಿಮೆ ಹಾಕಿ ನಾಣ್ಯ ಮಾಡಿಸಿದರೆ, ಹಳೆಯ ಒಳ್ಳೆಯ ನಾಣ್ಯ ಕೈಬಿಡಬಾರದೆಂದು ಮುಚ್ಚಿಟ್ಟವರು ಕೆಲವರು. ದೇವರಿಗೆಂದು ಹೂತು ಬಿಟ್ಟವರೂ ಇದ್ದಾರಂತೆ. ಕಾಗದ ಸತ್ತ ಮಾತು ನನಗೆ ನೆನಪಾಯಿತು. ಓಣಿಯ ಕಳ್ಳತನವೂ ನೆನಪಾಯಿತು. ರೋಮಿನವರಲ್ಲಿ ನನಗೆ ಹೊಸಬರು ಯಾರೂ ಕಾಣಲಿಲ್ಲ.

"ಮಾಸ್ತರು ಇನ್ನೊಂದ ಮಾತ ಹೇಳಿದ್ರು," ಎಂದಳು. "ಹೂತವರೊಳಗ ಭಾಳ ಮಂದಿ ಹೊಳ್ಳಿ ಬಂದು ತಗೊಂಡು ಹೋಗಿರತಾರಂತ. ಆ ಗಡಿಗಿ ನಮಗ ಸಿಗಂಗಿಲ್ಲ. ಸಿಗೋದು ಹೊಳ್ಳಿ ಬರದವರ ಗಡಿಗಿ ಅಷ್ಟ."

ನಾನು ತುಂಬಿದ ಕಂಡಿಕೆ ತೆಗೆದು ಬುಟ್ಟಿಗೆ ಹಾಕಿದೆ. ಆಮೇಲೆ ಕೇಳಿದೆ. "ಹೂತವನ ಹೇಣ್ತಿಗೆ ಗೊತ್ತಿರಲಿಲ್ಲೇನು?"

"ಅದನ್ನ ಯಾರೂ ಬರದಿಲ್ಲ ಆಯಿ. ನೀ ಹೇಳು. ಅವರು ಯಾಕ ಹೂಳತಿದ್ರು? ಮುತ್ಯಾ ಯಾಕ ಹೂಳತಿದ್ದ? ನಿನಗ್ಯಾಕ ಹೇಳಲಿಲ್ಲ?"

ಕೇಳುತ್ತ ಕೇಳುತ್ತ ಅವಳು ರಾಟೆಯ ಹಿಡಿಯನ್ನು ತಿರುಗಿಸುತ್ತಿದ್ದಳು. ಆ ಬದಿಗೆ ಕೂತದ್ದರಿಂದ ಎಡಗೈಯಿಂದ. ಸಣ್ಣಗೆ, ಗುಂಡಗೆ, ಒಂದೇ ಸಮ.

ನಾನು ಆ ಕೈಯನ್ನೇ ನೋಡಿದೆ. ದವಾಖಾನೆಯ ಕೈ. ಹೊರಳಿಸಿರಿ ಎಂದು ಅವರು ಹೇಳಿರಲೇ ಇಲ್ಲ.

ಇನ್ನೊಂದು ನೆನಪಾಯಿತು. ಕೊರೋನಾದ ಗಲಾಟೆ ಮುಗಿದ ಮೇಲೆ ಒಂದು ದಿನ ನಾನು ಗುಡೂರಿಗೆ ಅಣ್ಣನ ಮನೆಗೆ ಹೋಗಿ ಬಂದಾಗ ರಾಟೆಯ ಕೆಳಗಿನ ಕಲ್ಲಿನ ಸುತ್ತ ಹಸಿ ಮಣ್ಣು ಇತ್ತು. ಆ ಕಲ್ಲು ಮೊದಲಿನಿಂದ ಅಲುಗಾಡುತ್ತಿತ್ತು. ರಾಟೆ ತಿರುಗಿಸಿದರೆ ಟಕ್ ಟಕ್ ಎನ್ನುತ್ತಿತ್ತು. ನಾನು ಎಷ್ಟು ವರ್ಷ ಹೇಳಿದರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. "ಇವತ್ತ ಕೂಡಿಸೇನಿ ನೋಡು, ಇನ್ನ ಅಲಗಂಗಿಲ್ಲ," ಎಂದಿದ್ದರು. ಅಲುಗಲಿಲ್ಲ. ಕೊನೆಗೂ ನನ್ನ ಮಾತು ಕೇಳಿ ಒಂದು ಕೆಲಸ ಮಾಡಿದರಲ್ಲ ಎಂದು ಆಶ್ಚರ್ಯಪಟ್ಟು ನಾನು ಮರೆತುಬಿಟ್ಟೆ. ಆ ಹೊತ್ತಿಗೆ ಅವರಿಗೆ ಕುಣಿಯೊಳಗೆ ಮತ್ತೆ ಮತ್ತೆ ಬಾಗಿ ತೋಡುವುದು ಆಗುತ್ತಿರಲಿಲ್ಲ, ಮೊಣಕಾಲು ನೋವು. ಮಗನ ಗ್ರಾನೈಟಿನ ಮಾತೂ ಕಿವಿಯ ಮೇಲೆ ಬಿದ್ದಿತ್ತು. ತಾವು ನೇಯುವುದು ನಿಲ್ಲಿಸಿದರೆ ಕುಣಿ ಮುಚ್ಚುತ್ತದೆ, ಆದರೆ ನಾನು ನನ್ನ ಜಾಗದಿಂದ ಏಳುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಅವರು ಹೋದ ಮೇಲೆ ಜನ ಬಂದು ಸಮಾಧಾನ ಹೇಳಿದ ಅಷ್ಟೂ ದಿನ ನಾನು ಅದರ ಹತ್ತಿರವೇ ಕೂತಿದ್ದೆ.

ಆಗಲೇ ಕಲ್ಲು ಎತ್ತಬಹುದಿತ್ತು. ಎತ್ತಲಿಲ್ಲ. ಮಗನ ಮುಂದೆ ತೆಗೆದರೆ, ಇವನೇ ಹೆದರಿ ತಂದಿಟ್ಟ ಎಂದು ಮಗಳು ಅಂದಾಳು. ಮೊಮ್ಮಗಳ ಮುಂದೆ ತೆಗೆದರೆ, ಹುನಗುಂದದಿಂದ ತಂದಿಟ್ಟರು ಎಂದು ಮಗ ಅಂದಾನು. ಇಬ್ಬರೂ ಇರಬೇಕು.

"ನಿಮ್ಮವ್ವಗ ಹೇಳು," ಎಂದೆ. "ಪಂಚಮಿಗೆ ಬರಬೇಕಂತ. ಪುತಳಿ ತಗಿಯೋದೈತಿ ಅಂತ ಹೇಳು."

ಮೊಮ್ಮಗಳು ರಾಟೆ ಬಿಟ್ಟು ನನ್ನನ್ನೇ ನೋಡಿದಳು. "ಆಯಿ, ಎಲ್ಲಿ?"

"ಅದನ್ನ ಹೇಳಬ್ಯಾಡ," ಎಂದೆ. ನಾನು ಅವಳಿಗೆ ಹೇಳಿರಲೇ ಇಲ್ಲ, ಅವಳು ಹೇಗೆ ಹೇಳಿಯಾಳು? ಇದನ್ನು ಹಿಡಿದು ಅವಳು ಇವತ್ತಿಗೂ ನಗುತ್ತಾಳೆ.

ಮಗಳು ಹಬ್ಬದ ಹಿಂದಿನ ದಿನ, ರೊಟ್ಟಿ ಮಾಡುವ ದಿನ ಬರಬೇಕಾಗಿತ್ತು. ಬರಲಿಲ್ಲ. ಹಾಲೆರೆಯುವ ದಿನ ಮುಂಜಾನೆ ಬಂದಳು, ದೊಡ್ಡ ಮೊಮ್ಮಗಳ ಕೈಯಲ್ಲಿ ಉಂಡಿಯ ಡಬ್ಬಿ ಹೊರಿಸಿಕೊಂಡು. ಎರಡು ವರ್ಷದ ಹತ್ತಿರ ಆದ ಮೇಲೆ ಅವಳನ್ನು ನಮ್ಮ ಹೊಸ್ತಿಲಲ್ಲಿ ನೋಡಿದೆ. ಕೂದಲು ಬೆಳ್ಳಗಾಗಿದ್ದವು. ಕಾಲು ತೊಳೆದುಕೊಂಡವಳೇ, "ಸಂಜಿ ಬಸ್ಸಿಗೆ ಹೋಗಬೇಕವಾ. ಏನ್ ತಗಿಯೋದೈತಿ ತಗದು ಬಿಡು," ಎಂದಳು. ಮಗ ಹಿತ್ತಲಿನಿಂದ ಹಾರೆ ತಂದು ನಡುಮನೆಯಲ್ಲಿ ನಿಂತ. ಅಕ್ಕನ ಕಡೆ ನೋಡಲಿಲ್ಲ.

"ಎಲ್ಲಿ ಅಗೀಲಿ ಹೇಳವಾ."

ನಾನು ಹಾರೆ ನೋಡಿದೆ. ಆಗ ತಲೆಗೆ ಬಂತು. "ಇವತ್ತ ಅಗಿಯಂಗಿಲ್ಲಪಾ. ನಾಗಪ್ಪನ ದಿನ."

ಪಂಚಮಿಯ ದಿನ ನಮ್ಮ ಕಡೆ ನೆಲ ಅಗೆಯುವುದಿಲ್ಲ, ಒಲೆಗೆ ಹಂಚು ಇಡುವುದಿಲ್ಲ. ನೆಲದೊಳಗಿನ ನಾಗಪ್ಪನಿಗೆ ಪೆಟ್ಟಾಗುತ್ತದೆ, ಸುಡುತ್ತದೆ. ಅದಕ್ಕೇ ರೊಟ್ಟಿಯನ್ನು ಹಿಂದಿನ ದಿನವೇ ಬಡಿದಿಡುತ್ತೇವೆ.

"ಈ ಕಾಲದಾಗ ಏನವಾ ನೀ," ಎಂದ ಮಗ. "ಒಂದ ಸಣ್ಣ ತೆಗ್ಗ."

"ಸಣ್ಣ ತೆಗ್ಗಿನ್ಯಾಗ ಸಣ್ಣ ನಾಗಪ್ಪ ಇರಂಗಿಲ್ಲೇನು?" ಎಂದಳು ಮಗಳು. ತಮ್ಮನ ಜೊತೆ ಅವಳು ಆಡಿದ ಮೊದಲ ಮಾತು. "ಹಾರಿ ಇಡಲೇ ಕೆಳಗ. ಅಪ್ಪ ಇದ್ದಿದ್ರ ಬೆನ್ನಾಗ ಕೊಡತಿದ್ದ."

"ಹಂಗಾರ ಎಲ್ಲಿ ಐತಿ ಅಂತರ ಹೇಳವಾ."

"ನಾಳಿ ಹೇಳ್ತೇನಿ."

ಮಗ ಹಾರೆಯನ್ನು ಗೋಡೆಗೆ ಆನಿಸಿದ. "ತಗೋ. ಇಕಿನೂ ಅಪ್ಪನಂಗ ಆದಳು!"

ಮಗಳಿಗೆ ನಗು ಬಂತು, ತಡೆದುಕೊಳ್ಳಲು ಹೋಗಿ ಕೆಮ್ಮಿದಳು. ನಾನು ಇದನ್ನು ಬೇಕೆಂದೇ ಮಾಡಿದೆ ಎಂದು ದೊಡ್ಡವಳು ನಿಮಗೆಲ್ಲ ಹೇಳಿರಬಹುದು. ಹಾಗಲ್ಲ. ನನಗೂ ಆಗಲೇ ನೆನಪಾದದ್ದು.

ಹಾಲೆರೆಯಲು ಹೋದೆವು. ಒಣಕೊಬ್ಬರಿಯ ಬಟ್ಟಲಿನಲ್ಲಿ ಬೆಲ್ಲ ಇಟ್ಟು, ಹಾಲಿನಲ್ಲಿ ಅದ್ದಿ, ಒಬ್ಬೊಬ್ಬರ ಪಾಲು ಎಂದು ಹೇಳುತ್ತ ನಾಗರಕಲ್ಲಿನ ಮೇಲೆ ಬಿಡಬೇಕು. ಮಗಳು ಸಣ್ಣವಳಿದ್ದಾಗಿನ ಹಾಗೆ ಗಟ್ಟಿಯಾಗಿ ಹೇಳಿದಳು. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು. ತಮ್ಮನ ಪಾಲು ಎನ್ನುವಾಗ ದನಿ ಇಳಿಯಿತು, ಆದರೂ ಹೇಳಿದಳು. ಅಪ್ಪನ ಪಾಲು ಎಂದು ಬಾಯಿಗೆ ಬಂದು ನಿಂತಳು. ಹಾಲು ಬಟ್ಟಲಿನಿಂದ ಅವಳ ಮುಂಗೈಗೆ ಇಳಿಯುತ್ತಿತ್ತು. ಮಗ ಹಿಂದೆ ನಿಂತಿದ್ದ. "ಹಾಕು ಅಕ್ಕಾ," ಎಂದ. "ಅವಂದೂ ಹಾಕು." ಅವಳು ಹಾಕಿದಳು.

ಸಂಜೆಯ ಬಸ್ಸು ಹೋಯಿತು. ಅವಳು ಅದರ ಮಾತೆತ್ತಲಿಲ್ಲ. ನೀವೆಲ್ಲ ಬೇವಿನ ಗಿಡದ ಜೋಕಾಲಿಯ ಹತ್ತಿರ ಕಿರುಚುತ್ತಿದ್ದಿರಿ. ಅಕ್ಕ ತಮ್ಮ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಉಂಡಿ ಮುರಿಯಲಾರದೆ ಒದ್ದಾಡುತ್ತಿದ್ದರು. ಪಾಕ ಗಟ್ಟಿಯಾಗಿತ್ತು. "ಇದನ್ನ ನಮ್ಮ ಮಷೀನಿಗೆ ಹಾಕಬೇಕು, ಕಲ್ಲ ಕೊಯ್ಯೋ ಮಷೀನಿಗೆ," ಎಂದ ಮಗ. "ನೀ ಮಾಡಿ ತಿನಸಲೇ ಮುಂದಿನ ಸಲ," ಎಂದಳು ಅವಳು. ನಾನು ಒಳಗೆ ಕೂತು ಕೇಳಿದೆ. ಮುಂದಿನ ಸಲ ಎಂದದ್ದು ಕೇಳಿದೆ.

ಮರುದಿನ ಚಹ ಆದ ಮೇಲೆ ನಾನು ಎದ್ದು ರಾಟೆ ಸರಿಸಿ, "ಇಲ್ಲಿ," ಎಂದೆ. ಮಗ ನನ್ನ ಮುಖ ನೋಡಿದ. ಹಾರೆಯ ಕೆಲಸವೇ ಬೀಳಲಿಲ್ಲ, ಕಲ್ಲಿನ ಸಂದಿಗೆ ತುದಿ ಹಾಕಿ ಎತ್ತಿದರೆ ಎದ್ದಿತು. ಕೆಳಗೆ ತಗಡಿನ ಡಬ್ಬಿ, ತುಕ್ಕು ಹಿಡಿದದ್ದು. ಅದರೊಳಗೆ ಕೆಂಪು ಸೆರಗಿನ ತುಂಡಿನಲ್ಲಿ ಕಟ್ಟಿದ ಗಂಟು. ನೂಲು ಹರಿದಾಗ ನೇಕಾರರು ಹಾಕುತ್ತಾರಲ್ಲ, ಅದೇ ಸಣ್ಣ ಗಂಟು, ಅವರ ಕೈಯದು. ಮಗನ ದಪ್ಪ ಬೆರಳಿಗೆ ಅದು ಬಿಚ್ಚಲಿಲ್ಲ. ಬಾಯಿ ಹತ್ತಿರ ಒಯ್ದ.

"ಕಚ್ಚಬ್ಯಾಡ!" ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿಲ್ಲ. ಇಬ್ಬರೂ ಬೆಚ್ಚಿದರು. ಗಂಟನ್ನು ಇಸಿದುಕೊಂಡು ನಾನೇ ಬಿಚ್ಚಿದೆ. ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಪುತಳಿ ಸರ ಇತ್ತು. ದವಾಖಾನೆಯಲ್ಲಿ ಕೈ ಯಾಕೆ ತಿರುಗುತ್ತಿತ್ತು ಎಂದು ಹೇಳಿದೆ, ರಾಟೆ ತಿರುಗಿಸಿ ತೋರಿಸಿದೆ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. "ಹೊಳ್ಳಿಸಿ ಹೊಳ್ಳಿಸಿ ಮಲಗಿಸಿದ್ವಲ್ಲೋ ತಮ್ಮಾ," ಎಂದಳು. ಮಗ ಅವಳ ಪಕ್ಕ ನೆಲದ ಮೇಲೆ ಕೂತ. ಇಬ್ಬರೂ ಅತ್ತರು. ನಾನು ಅವರನ್ನು ನೋಡುತ್ತ ಬಟ್ಟೆಯ ತುಂಡನ್ನು ಮಡಿಸಿದೆ.

"ನೀ ಒಯ್ಯಿ ಅಕ್ಕಾ," ಎಂದ ಮಗ, ಮೂಗು ಒರೆಸಿಕೊಂಡು.

ಅವಳು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ನೀವು ಸಣ್ಣವರೆಲ್ಲ ಒಳಗೆ ಬಂದು ನೋಡಿದ್ದು ಆಗ. ಆಮೇಲೆ ತೆಗೆದು ನನ್ನ ಕೈಯಲ್ಲಿ ಇಟ್ಟಳು. "ಇಲ್ಲೇ ಇರಲಿ. ಪಂಚಮಿಗೆ ಬಂದಾಗ ಹಾಕ್ಕೊಂತೇನಿ."

"ನೋಡಲೇ," ಎಂದು ತಮ್ಮನ ಕಡೆ ತಿರುಗಿದಳು, "ವರ್ಷಾ ಕರೀಬೇಕು ಮತ್ತ. ಇಲ್ಲಂದ್ರ ಹಾರಿ ತಗೊಂಡ ಬರ್ತೇನಿ."

ಸರ ಈಗ ಎಲ್ಲಿದೆ ಎಂದು ಬರೆಯುವುದಿಲ್ಲ. ಮಗ, ಮಗಳು, ಸೊಸೆ, ದೊಡ್ಡ ಮೊಮ್ಮಗಳು ಎಲ್ಲರಿಗೂ ಬಾಯಿಂದ ಹೇಳಿದ್ದೇನೆ. ನೀವು ದೊಡ್ಡವರಾದ ಮೇಲೆ ನಿಮಗೂ ಹೇಳುತ್ತಾರೆ. ರೋಮಿನವರು ಯಾಕೆ ಹೂತರು ಎಂದು ನನಗೆ ಗೊತ್ತಿಲ್ಲ. ಅವರಲ್ಲಿ ಕೆಲವರಿಗಾದರೂ ದಂಡಿನ ಭಯ ಇದ್ದಿರಲಿಕ್ಕಿಲ್ಲ ಎಂದು ನಾನು ಮೊಮ್ಮಗಳಿಗೆ ಹೇಳಿದೆ. ಮನೆಯಲ್ಲಿ ಯಾವ ಜಾಗದಿಂದ ಯಾರು ಏಳುವುದಿಲ್ಲ ಎಂದು ನೋಡಿಕೊಂಡು ಅಲ್ಲಿ ಇಟ್ಟಿರುತ್ತಾರೆ. ಹೇಳುವುದು ನಾಳೆ ಆದೀತು ಅಂದುಕೊಂಡಿರುತ್ತಾರೆ. ಅವಳು ಅದನ್ನು ಕ್ಲಾಸಿನಲ್ಲಿ ಹೇಳಿದಳೋ ಇಲ್ಲವೋ ಕೇಳಲಿಲ್ಲ.

ದೀಪಾವಳಿಯ ಮೊದಲು ಪಡಸಾಲೆಗೆ ಗ್ರಾನೈಟ್ ಬಿತ್ತು. ಅಕ್ಕನೇ ಬಂದು ನಿಂತು ಹಾಕಿಸಿದಳು. ರಾಟೆಯ ಕೆಳಗಿನ ಹಳೆಯ ಕಲ್ಲನ್ನು ಮಾತ್ರ ತೆಗೆಯಗೊಡಲಿಲ್ಲ ನಾನು. ಕೆಳಗಿನ ಡಬ್ಬಿ ಹೋದದ್ದರಿಂದ ಅದು ಮೊದಲಿನ ಹಾಗೆ ಅಲುಗುತ್ತದೆ. ಸಿಮೆಂಟ್ ಹಾಕಿ ಕೂಡಿಸುತ್ತೇನೆ ಎಂದು ಮಗ ಎಷ್ಟೋ ಸಲ ಹೇಳಿದ. ಬೇಡ ಎಂದೆ. ಮಗ್ಗ ಹೋದ ಮೇಲೆ ಮನೆಯಲ್ಲಿ ಸದ್ದೇ ಇರಲಿಲ್ಲ.

ಮೊನ್ನೆ ಮಗಳು ಫೋನು ಮಾಡಿದಾಗ ನಾನು ಕಂಡಿಕೆ ಸುತ್ತುತ್ತಿದ್ದೆ. ಈಗ ಓಣಿಯ ನೇಕಾರರಿಗೆ ಸುತ್ತಿಕೊಡುತ್ತೇನೆ.

"ಅದೇನ್ ಸದ್ದವಾ, ಟಕ್ ಟಕ್ ಅಂತ?"

"ಕಲ್ಲು," ಎಂದೆ.

ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ, ರಾಟೆ ತಿರುಗಿಸುತ್ತ ಹೋದೆ.